ಕೆರೆಯ ಪಂಪ್‌ಹೌಸ್‌ಗೆ ಫೈಬರ್: ಮಳೆಗಾಲಕ್ಕೆ ಮುಂಚೆ ಆದಷ್ಟು ಕೆಲಸ

ಫೆಬ್ರವರಿ

ಜಾಗ ಆಲ್ದೂರಿನ ಹತ್ತಿರ, ಚಿಕ್ಕಪ್ಪನ ರೋಬಸ್ಟಾ ತೋಟ. ಕೆರೆ ಕೆಳಗಿದೆ, ಕಣ ಮತ್ತು ಆಫೀಸ್ ಮೇಲಿವೆ. ನಡುವೆ ಸುಮಾರು 600 ಮೀಟರ್ ಇಳಿಜಾರು. ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ ಇದು. ಅರೆಬರೆ ನೀರು ಬಿದ್ದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಹಾಗಾಗಿ ಪಂಪ್ ಓಡುತ್ತಿದೆಯಾ, ಪೈಪಿನಲ್ಲಿ ಪ್ರೆಶರ್ ಎಷ್ಟಿದೆ, ಕೆರೆಯಲ್ಲಿ ನೀರು ಎಷ್ಟು ಉಳಿದಿದೆ ಎನ್ನುವುದು ಆಫೀಸಿನಲ್ಲೇ ಗೊತ್ತಾಗಬೇಕು. ಪಂಪ್‌ಹೌಸ್‌ನ ಹೊಸ ವಿಎಫ್‌ಡಿ (ಮೋಟಾರ್ ವೇಗ ಹತೋಟಿ ಮಾಡುವ ಡ್ರೈವ್) ಮತ್ತು ಸಣ್ಣ ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಎರಡಕ್ಕೂ ಈಥರ್ನೆಟ್ ಪೋರ್ಟ್ ಇದೆ, ಎರಡಕ್ಕೂ ಮೋಡ್‌ಬಸ್ ಟಿಸಿಪಿ ಎಂಬ, ಯಂತ್ರಗಳು ನೆಟ್‌ವರ್ಕ್‌ನಲ್ಲಿ ಮಾತಾಡುವ ಭಾಷೆ ಬರುತ್ತದೆ. ಬೇಕಿರುವುದು ದಾರಿ ಮಾತ್ರ.

ಕ್ಯಾಟ್ 6 ವೈರ್ (ತಾಮ್ರದ ನೆಟ್‌ವರ್ಕ್ ಕೇಬಲ್) 100 ಮೀಟರ್‌ಗೆ ಮುಗಿಯಿತು. ನಡುನಡುವೆ ಸ್ವಿಚ್ ಇಡಬಹುದು, ಆದರೆ ಕಾಫಿ ಗಿಡಗಳ ಮಧ್ಯೆ ಪ್ರತಿ ಸ್ವಿಚ್‌ಗೂ ಕರೆಂಟ್ ಎಲ್ಲಿಂದ ತರುವುದು? ವೈಫೈಗೆ ಸಿಲ್ವರ್ ಓಕ್ ಮರಗಳು ಅಡ್ಡ. ಎಲೆ ಒದ್ದೆಯಾದರೆ ಸಿಗ್ನಲ್ ಇನ್ನೂ ಕಮ್ಮಿ.

ನನಗೆ ದೂರಕ್ಕಿಂತ ದೊಡ್ಡ ಕಾರಣ ಸಿಡಿಲು. ಕಳೆದ ಬೇಸಿಗೆಯ ಗುಡುಗು ಮಳೆಯಲ್ಲಿ ಪಲ್ಪರ್ ಮನೆಗೂ ಆಫೀಸಿಗೂ ನಡುವೆ ಇದ್ದ ವೈರ್‌ನ ಎರಡೂ ತುದಿಯ ಪೋರ್ಟ್ ಸುಟ್ಟಿದ್ದವು. ಕಟ್ಟಡಕ್ಕೆ ಸಿಡಿಲು ಹೊಡೆದಿರಲಿಲ್ಲ. ಎರಡು ಕಟ್ಟಡಕ್ಕೂ ಬೇರೆ ಬೇರೆ ಅರ್ಥಿಂಗ್ ಇದೆ, ಅಲ್ವಾ? ಹತ್ತಿರದಲ್ಲಿ ಸಿಡಿಲು ನೆಲಕ್ಕಿಳಿದಾಗ ಆ ಎರಡು ಅರ್ಥಿಂಗ್‌ಗಳ ನಡುವೆ ಒಂದು ಕ್ಷಣ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಈಥರ್ನೆಟ್ ಪೋರ್ಟ್ ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ನ ತಡೆ 1500 ವೋಲ್ಟ್ ಲೆಕ್ಕದ್ದು. ಅದನ್ನು ಮೀರಿದರೆ ತಾಮ್ರದ ವೈರೇ ಸೇತುವೆಯಾಗುತ್ತದೆ. ಫೈಬರ್‌ನ ಗಾಜಿನ ಎಳೆಯಲ್ಲಿ ಬೆಳಕು ಮಾತ್ರ ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ.

ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಗುಡುಗು ಶುರುವಾದ್ರೆ ಓಡಿಹೋಗಿ ವೈರ್ ಕೀಳೋದು ತಪ್ಪುತ್ತಾ ಮಾರಾಯ?"

"ತಪ್ಪುತ್ತೆ ಚಿಕ್ಕಪ್ಪ. ಆದ್ರೆ ಕೇಬಲ್ ಒಳಗೆ ಕಬ್ಬಿಣ ಇರಬಾರದು."

ಮಾರ್ಚ್

ಈ ಕಬ್ಬಿಣದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೆಲದಲ್ಲಿ ಹೂಳಲು ಎಲ್ಲರೂ ಕೊಡುವುದು ಆರ್ಮರ್ಡ್ ಕೇಬಲ್. ಇಲಿ, ಮುಳ್ಳುಹಂದಿ ಕಡಿಯದಂತೆ ಒಳಗೆ ಉಕ್ಕಿನ ಪಟ್ಟಿ ಇರುತ್ತದೆ. ಅದರ ಎರಡೂ ತುದಿಯನ್ನು ಪೆಟ್ಟಿಗೆಯೊಳಗೆ ತಂದರೆ, ಗಾಜು ಹಾಕಿಯೂ ಎರಡು ಅರ್ಥಿಂಗ್ ನಡುವೆ ಮತ್ತೆ ಲೋಹ ಜೋಡಿಸಿದಂತೆಯೇ. ಹಾಗಾಗಿ ಲೋಹವೇ ಇಲ್ಲದ, ಎಫ್‌ಆರ್‌ಪಿ (ನಾರು ಬೆರೆಸಿದ ಪ್ಲಾಸ್ಟಿಕ್) ಕಡ್ಡಿ ಇರುವ 4 ಕೋರ್ (4 ಎಳೆಯ) ಕೇಬಲ್ ತಂದೆವು. ಪ್ರಾಣಿಗಳಿಂದ ಕಾಪಾಡಲು ಎಚ್‌ಡಿಪಿಇ ಪೈಪಿನೊಳಗೆ ಹಾಕಿದೆವು. ಮರದಿಂದ ಮರಕ್ಕೆ ಮೇಲೆಯೇ ಎಳೆದರೆ ಖರ್ಚು ಕಮ್ಮಿ. ಆದರೆ ಮರಗಸಿಯ (ನೆರಳಿನ ಮರಗಳ ಕೊಂಬೆ ಕಡಿಯುವ) ಹೊತ್ತಿಗೆ ಕೊಂಬೆ ಮೇಲೆ ಬಿದ್ದರೆ ಕೇಬಲ್ ಉಳಿಯುವುದಿಲ್ಲ. ನೀರಿನ ಪೈಪ್‌ಲೈನ್ ಪಕ್ಕದಲ್ಲೇ ಚರಂಡಿ ತೋಡಿಸಿದೆವು.

ಫೈಬರ್ ಸಿಂಗಲ್ ಮೋಡ್, ಅಂದರೆ ಬೆಳಕು ಒಂದೇ ದಾರಿಯಲ್ಲಿ ಹೋಗುವ, ತೀರಾ ಸಣ್ಣ ತಿರುಳಿನದು. 100 ಎಂಬಿಪಿಎಸ್‌ಗೆ ಅಗಲ ತಿರುಳಿನ ಮಲ್ಟಿಮೋಡ್ ಕೂಡ 2 ಕಿಲೋಮೀಟರ್ ಹೋಗುತ್ತದೆ, ನಮಗೆ ಅದೇ ಸಾಕಿತ್ತು. ಆದರೆ ಮನೆಮನೆಗೆ ಇಂಟರ್ನೆಟ್ ಎಳೆಯುವವರ ಹತ್ತಿರ ಇರುವುದೆಲ್ಲ ಸಿಂಗಲ್ ಮೋಡ್ ಸಾಮಾನು. ನಾಳೆ ಕೇಬಲ್ ತುಂಡಾದರೆ ಜೋಡಿಸಲು ಬರುವವರು ಅವರೇ. ಊರಿನಲ್ಲಿ ರಿಪೇರಿ ಆಗುವಂಥದ್ದನ್ನೇ ಹಾಕಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅವರ ಪ್ಯಾಚ್ ಕಾರ್ಡ್‌ಗಳಲ್ಲಿ (ಉಪಕರಣಕ್ಕೆ ಚುಚ್ಚುವ ಗಿಡ್ಡ ಫೈಬರ್ ತುಂಡುಗಳು) ಒಂದು ವಿಷಯ ಗಮನಿಸಬೇಕು. ಹಸಿರು ತುದಿ ಎಪಿಸಿ, ಅದರ ಮುಖ ಓರೆ. ನೀಲಿ ತುದಿ ಯುಪಿಸಿ, ಅದರ ಮುಖ ಓರೆಯಲ್ಲ. ನಮ್ಮ ಕನ್ವರ್ಟರ್‌ಗಳದು (ತಾಮ್ರದ ಸಿಗ್ನಲ್ಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆಗಳು) ನೀಲಿ. ಹಸಿರನ್ನು ನೀಲಿಗೆ ಒತ್ತಿದರೆ ನಡುವೆ ಗಾಳಿ ಉಳಿದು ಬೆಳಕು ಸೋರುತ್ತದೆ, ಮುಖಕ್ಕೂ ಪೆಟ್ಟಾಗಬಹುದು.

ಏಪ್ರಿಲ್

ಕನ್ವರ್ಟರ್ ಜೋಡಿ ಬಂತು. ಡಿನ್ ರೈಲ್ (ಪೆಟ್ಟಿಗೆಯೊಳಗಿನ ಲೋಹದ ಪಟ್ಟಿ) ಮೇಲೆ ಕೂರುವ, 12 ರಿಂದ 48 ವೋಲ್ಟ್ ಡಿಸಿಯಲ್ಲಿ ಓಡುವ, 20 ಕಿಲೋಮೀಟರ್ ದರ್ಜೆಯವು. ಒಂದೇ ಎಳೆಯಲ್ಲಿ ಎರಡೂ ಕಡೆಗೆ ಬೆಳಕು ಹೋಗುತ್ತದೆ: ಎ ತುದಿ 1310 ನ್ಯಾನೋಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಬಿ ತುದಿ ಅದರ ಉಲ್ಟಾ. ಎರಡು ಎ ತಂದರೆ ಕೆಲಸ ನಡೆಯುವುದಿಲ್ಲ. 80 ಕಿಲೋಮೀಟರ್‌ದು ಇನ್ನೂ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಷ್ಟು ಹತ್ತಿರಕ್ಕೆ ಆ ಬೆಳಕು ಜಾಸ್ತಿಯಾಗಿ ರಿಸೀವರ್ ಕುರುಡಾಗಬಹುದು.

ಜೋಡಿಸಿದ ತಕ್ಷಣ ಎರಡೂ ಕಡೆ ಹಸಿರು ದೀಪ ಬಂತು. ಆದರೂ ಸ್ಪ್ಲೈಸಿಂಗ್ (ಎಳೆಗಳ ಬೆಸುಗೆ) ಮಾಡಿಕೊಟ್ಟ ಅಣ್ಣನ ಹತ್ತಿರ ಬೆಳಕು ಅಳೆಯುವ ಪವರ್ ಮೀಟರ್ ಕೇಳಿ ಅಳೆದೆ. ಲೆಕ್ಕದ ಪ್ರಕಾರ ಬೆಳಕಿನ ನಷ್ಟ 1.5 ಡಿಬಿ (ಡೆಸಿಬೆಲ್) ಒಳಗಿರಬೇಕು: ಕಿಲೋಮೀಟರ್‌ಗೆ 0.35ರಂತೆ ಫೈಬರ್‌ದು 0.2, ಎರಡು ಕನೆಕ್ಟರ್‌ಗೆ ಒಂದು, ಉಳಿದದ್ದು ಸ್ಪ್ಲೈಸ್. 1310ರಲ್ಲಿ ಹಾಗೇ ಬಂತು. 1550ರಲ್ಲಿ ಮಾತ್ರ 5 ದಾಟಿತು.

ಈ ವ್ಯತ್ಯಾಸವೇ ಜಾಗ ತೋರಿಸಿತು. ಫೈಬರ್ ಬಾಗಿದ ಕಡೆ 1550ರ ಬೆಳಕು 1310ಕ್ಕಿಂತ ಬೇಗ ಹೊರಗೆ ಸೋರುತ್ತದೆ. ಕನೆಕ್ಟರ್‌ನಲ್ಲಿ ಧೂಳಿದ್ದರೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಇಳಿಯುತ್ತಿದ್ದವು. ಅಂದರೆ ಎಲ್ಲೋ ಬಿಗಿಯಾದ ತಿರುವಿದೆ. ಕೆಂಪು ಲೇಸರ್ ಪೆನ್ ಹಾಕಿ ನೋಡಿದೆವು. ಪಂಪ್‌ಹೌಸ್ ಪೆಟ್ಟಿಗೆಯ ಟ್ರೇನಲ್ಲಿ, ಕೇಬಲ್ ಟೈ ಕಟ್ಟಿದ ಕಡೆ ಎಳೆ ಕೆಂಪಗೆ ಹೊಳೆಯುತ್ತಿತ್ತು. ಟೈ ಕತ್ತರಿಸಿ, 30 ಮಿಲಿಮೀಟರ್‌ಗಿಂತ ದೊಡ್ಡ ತ್ರಿಜ್ಯದಲ್ಲಿ ಸುತ್ತಿದ ಮೇಲೆ 1550 ಕೂಡ 1.3ಕ್ಕೆ ಬಂತು. ದೀಪ ನೋಡಿ ಪೆಟ್ಟಿಗೆ ಮುಚ್ಚಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೆಂಪು ಪೆನ್ ಕಾಣುತ್ತದೆ, ಆದರೆ ಕನ್ವರ್ಟರ್‌ನ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಫೈಬರ್ ತುದಿಯನ್ನು ಯಾವತ್ತೂ ಕಣ್ಣಿನ ಹತ್ತಿರ ಹಿಡಿಯಬೇಡಿ.

ಮೇ

ಪಂಪ್‌ಹೌಸ್‌ನಲ್ಲಿ ದಿನವಿಡೀ ಕರೆಂಟ್ ಇರುವುದಿಲ್ಲ. ಕನ್ವರ್ಟರ್‌ಗೆ 3 ವ್ಯಾಟ್ ಸಾಕು, ಹಾಗಾಗಿ 12 ವೋಲ್ಟ್ 7 ಎಎಚ್ ಬ್ಯಾಟರಿ ಇಟ್ಟೆ. ಲೆಕ್ಕಕ್ಕೆ 28 ಗಂಟೆ, ನಂಬುವುದು ಅದರ ಅರ್ಧ. ಫೈಬರ್ ಹಾಕಿದ ಮಾತ್ರಕ್ಕೆ ಸಿಡಿಲಿನ ಚಿಂತೆ ಪೂರ್ತಿ ಹೋಗುವುದಿಲ್ಲ. ಕರೆಂಟ್ ಲೈನ್ ಮೂಲಕ ಬರುವ ಸರ್ಜ್ ಬಂದೇ ಬರುತ್ತದೆ. ಬೋರ್ಡಿನಲ್ಲಿ ಸರ್ಜ್ ತಡೆಯುವ ಎಸ್‌ಪಿಡಿ ಹಾಕಿಸಿದ್ದೇವೆ.

ಇನ್ನು ಕನ್ವರ್ಟರ್‌ನ ಲಿಂಕ್ ಫಾಲ್ಟ್ ಪಾಸ್ ಥ್ರೂ, ಅಂದರೆ ಒಂದು ಕಡೆ ಲಿಂಕ್ ಹೋದರೆ ಇನ್ನೊಂದು ಕಡೆಗೂ ತಿಳಿಸುವ ವ್ಯವಸ್ಥೆ. ಅದರ ಪುಟ್ಟ ಡಿಪ್ ಸ್ವಿಚ್ ಆಫ್ ಇದ್ದರೆ ಫೈಬರ್ ತುಂಡಾದರೂ ಆಫೀಸ್ ಕಡೆಯ ತಾಮ್ರದ ಪೋರ್ಟ್ ಹಸಿರಾಗಿಯೇ ಇರುತ್ತದೆ. ಆನ್ ಮಾಡಿದರೆ ತಾಮ್ರದ ಲಿಂಕ್ ಕೂಡ ಬೀಳುತ್ತದೆ, ಆಫೀಸಿನ ನೆಟ್‌ವರ್ಕ್ ಸ್ವಿಚ್ ತಕ್ಷಣ ಹೇಳುತ್ತದೆ. ಎರಡೂ ತುದಿಯಲ್ಲಿ ಆನ್ ಮಾಡಿ, ಪ್ಯಾಚ್ ಕಾರ್ಡ್ ಕಿತ್ತು ನೋಡಿದೆ. ಸರಿಯಾಗಿದೆ.

ಕೆರೆ ನೀರು ತಳ ಕಂಡಾಗ ಪಂಪ್ ನಿಲ್ಲಿಸುವ ಕೆಲಸವನ್ನು ನೆಟ್‌ವರ್ಕ್‌ಗೆ ಕೊಟ್ಟಿಲ್ಲ. ಅದು ಪಂಪ್‌ಹೌಸ್‌ನ ಪಿಎಲ್‌ಸಿಯಲ್ಲೇ ಇದೆ, ಫ್ಲೋಟ್ ಸ್ವಿಚ್ ನೇರ ಅದಕ್ಕೇ ಬರುತ್ತದೆ. 600 ಮೀಟರ್ ಆಚೆಯ ಕಂಪ್ಯೂಟರ್ ನಿಂತಿತು ಎಂದು ಮೋಟಾರ್ ಸುಡಬಾರದು. ಫೈಬರ್ ಸುದ್ದಿ ತಂದರೆ ಸಾಕು.

ಉಳಿದಿರುವುದು ತೇವದ ಕೆಲಸ. ಪೆಟ್ಟಿಗೆಗೆ ಕೇಬಲ್‌ಗಳು ಈಗ ಕೆಳಗಿನಿಂದ ಗ್ಲ್ಯಾಂಡ್ ಮೂಲಕ ಹೋಗುತ್ತವೆ, ಒಳಗೆ ಸಿಲಿಕಾ ಜೆಲ್ ಇದೆ. ಕೇಬಲ್ ಹಾಕಿದ ಪೈಪಿನ ಮೇಲಿನ ಬಾಯಿ ಇನ್ನೂ ಮುಚ್ಚಿಲ್ಲ. ಇಳಿಜಾರು ಆದ್ದರಿಂದ ಮಳೆನೀರು ಒಳಗೇ ಹರಿದು ಸೀದಾ ಪಂಪ್‌ಹೌಸ್‌ಗೆ ಬರುತ್ತದೆ, ಜೂನ್‌ಗೆ ಮುಂಚೆ ಆ ಬಾಯಿ ಮುಚ್ಚಲೇಬೇಕು. ಎರಡೂ ತುದಿಯ ಡಿಬಿ ಅಂಕಿಗಳನ್ನು ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದ್ದೇನೆ. ಅಕ್ಟೋಬರ್‌ನಲ್ಲಿ ಮತ್ತೆ ಅಳೆದು ಪಕ್ಕದಲ್ಲೇ ಬರೆಯುತ್ತೇನೆ.