ಕೋವಿ ಹಿಡಿದವನಿಗೆ ಪಿಸ್ತೂಲು ಸಲೀಸಲ್ವಾ?

ಗೆಳೆಯನ ಮಗಳ ಏರ್ ಪಿಸ್ತೂಲನ್ನು ಎರವಲು ಪಡೆದು ಹೊಡೆದು ನೋಡಿದೆ ಎಂದು ಗೊತ್ತಾದಾಗಿನಿಂದ ತೀರ್ಥಹಳ್ಳಿ ಪೇಟೆಯಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ನಿಮಗೆ ಕೋವಿ ಅಭ್ಯಾಸ ಇದೆ, ಪಿಸ್ತೂಲು ಸಲೀಸಾಯ್ತು ಅಲ್ವಾ?"

ಇಲ್ಲ. ಇಷ್ಟು ವರ್ಷ ಕೋವಿ ಹಿಡಿದ ಅಭ್ಯಾಸವೇ ನನಗೆ ಅಡ್ಡ ಬಂತು.

ಎರವಲು ಎಂದ ಕೂಡಲೇ ಕೆಲವರಿಗೆ ಗಾಬರಿ. ತೋಟದ ಲೈಸೆನ್ಸ್ ಕೋವಿಯನ್ನು ಹಾಗೆ ಕೈಯಿಂದ ಕೈಗೆ ದಾಟಿಸುವಂತಿಲ್ಲ, ನಿಜ. ಚುನಾವಣೆ ಬಂದರೆ ಠಾಣೆಗೆ ಒಯ್ದು ಇಟ್ಟು ಬರುವವರು ನಾವು. ಆದರೆ ಇದು ಗಾಳಿಯ ಒತ್ತಡದಲ್ಲಿ 4.5 ಮಿ.ಮೀ. ಸೀಸದ ಪೆಲೆಟ್, ಅಂದರೆ ಪುಟ್ಟ ಗುಂಡು, ಹಾರಿಸುವ ಸ್ಪರ್ಧೆಯ ಪಿಸ್ತೂಲು. ಶಕ್ತಿ 20 ಜೂಲ್ ಮೀರದ ಇಂಥವಕ್ಕೆ ಲೈಸೆನ್ಸ್ ಬೇಕಿಲ್ಲ. ಹಾಗಂತ ಹುಡುಗಿ ಸುಮ್ನೆ ಕೊಡಲಿಲ್ಲ. ಅಡಿಕೆ ಗೋದಾಮಿನ ಬಾಗಿಲು ಹಾಕಿಸಿದಳು. ಗುರಿಯ ಹಿಂದೆ ಮರಳಿನ ಮೂಟೆ ಪೇರಿಸಿ, 10 ಮೀಟರ್ ಅಳೆದು ಗೆರೆ ಎಳೆದ ಮೇಲೇ ಪಿಸ್ತೂಲು ನನ್ನ ಕೈಗೆ ಬಂತು. ಆ ಶಿಸ್ತು ನನಗೆ ತುಂಬಾ ಹಿಡಿಸಿತು.

ನನ್ನದು ಒಂಟಿ ನಳಿಗೆಯ ತೋಟಾ ಕೋವಿ. ಕೋವಿಯ ಹಿಂಬದಿ ಭುಜಕ್ಕೆ ಊರಿರುತ್ತದೆ, ಕೆನ್ನೆ ಅದರ ಮರದ ಭಾಗಕ್ಕೆ ಒತ್ತಿರುತ್ತದೆ, ಎರಡೂ ಕೈ ಕೆಲಸ ಮಾಡುತ್ತವೆ. ತೋಟಾದೊಳಗಿನ ಸಣ್ಣ ಗುಂಡುಗಳು, ಅಂದರೆ ಚರೆ, ಹರಡಿಕೊಂಡು ಹೋಗುವುದರಿಂದ ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ. ಪಿಸ್ತೂಲಿಗೆ ಇದ್ಯಾವ ಆಸರೆಯೂ ಇಲ್ಲ. ನಿಯಮದ ಪ್ರಕಾರ ಒಂದೇ ಕೈ, ಅದೂ ನೀಟಾಗಿ ಚಾಚಿದ ಕೈ. ತೂಕ ಒಂದು ಕೆಜಿ ಆಸುಪಾಸು. ಅಷ್ಟೇನಾ ಅನಿಸುತ್ತದೆ. ಇಪ್ಪತ್ತು ಈಡು ಆಗುವಷ್ಟರಲ್ಲಿ ನನ್ನ ತೋಳು ನಡುಗುತ್ತಿತ್ತು. ಸ್ಪರ್ಧೆಯಲ್ಲಿ 75 ನಿಮಿಷದಲ್ಲಿ 60 ಈಡು ಹೊಡೆಯಬೇಕು.

ಒದೆತವೇ ಇಲ್ಲ. ಟಪ್ ಎನ್ನುವ ಸಣ್ಣ ಸದ್ದು ಅಷ್ಟೆ. ಕೋವಿಯ ಒದೆತಕ್ಕೆ ಒಗ್ಗಿದ ನನ್ನ ಮೈ ಮಾತ್ರ ಪ್ರತಿ ಸಲವೂ ಅದಕ್ಕೆ ಮೊದಲೇ ಸೆಟೆದುಕೊಳ್ಳುತ್ತಿತ್ತು. ಮಣಿಕಟ್ಟು ಕೆಳಗೆ ಬಗ್ಗುತ್ತಿತ್ತು, ಪೆಲೆಟ್ ಕಪ್ಪು ವೃತ್ತದ ಕೆಳಗೆ ಎಡಕ್ಕೆ ಹೋಗಿ ಕೂರುತ್ತಿತ್ತು. ಟ್ರಿಗರ್ ಅಂತೂ ಬಲು ಮೃದು. ಸ್ಪರ್ಧೆಗೆ ಕನಿಷ್ಠ 500 ಗ್ರಾಂ ಎಳೆತ ಇರಬೇಕು ಎಂಬುದು ನಿಯಮ. ನಾನು ಮನಸ್ಸು ಮಾಡುವ ಮೊದಲೇ ಎರಡು ಈಡು ಹಾರಿ ಹೋದವು. ಆಮೇಲೆ ಅವಳು ಪೆಲೆಟ್ ತುಂಬದೆ ಅರ್ಧ ಗಂಟೆ ಬರೀ ಟ್ರಿಗರ್ ಎಳೆಸಿದಳು.

ನನ್ನನ್ನು ನಿಜವಾಗಿ ಕಾಡಿದ್ದು ಕಣ್ಣು. ಕೋವಿ ಹೊಡೆಯುವಾಗ ನಾವು ಗುರಿಯನ್ನೇ ನೋಡುತ್ತೇವೆ, ನಳಿಗೆ ತುದಿಯ ಮಣಿ ತಾನಾಗಿ ಅಲ್ಲಿಗೆ ಬರುತ್ತದೆ. ಅವಳು ಹೇಳಿದ್ದು ತಿರುಗಾಮುರುಗಾ: "ಮಾಮ, ಗುರಿ ಮಸುಕಾಗಿರಲಿ. ಮುಂದಿನ ಸೈಟ್ ಮಾತ್ರ ಸ್ಪಷ್ಟ ಇರಬೇಕು." ಸೈಟ್ ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಇರುವ ಗುರುತು. ಅವಳು ಹಾಗೆ ಹೇಳಿದ್ದು ಯಾಕೆ ಅಂತ ರಾತ್ರಿ ಕೂತು ಲೆಕ್ಕ ಹಾಕಿದೆ. ಎರಡು ಸೈಟ್‌ಗಳ ನಡುವೆ ಸುಮಾರು 32 ಸೆಂ.ಮೀ. ಮುಂದಿನ ಸೈಟ್ ಒಂದೇ ಒಂದು ಮಿ.ಮೀ. ಓರೆಯಾದರೆ 10 ಮೀಟರ್ ಆಚೆ ಅದು 31 ಮಿ.ಮೀ. ಆಗುತ್ತದೆ. ಹತ್ತು ಅಂಕದ ವೃತ್ತದ ಅಗಲವೇ 11.5 ಮಿ.ಮೀ. ಅಂದರೆ ನಮ್ಮ ಕೆಂಪಡಿಕೆಗಿಂತ ಚಿಕ್ಕದು! ಕೈ ಸ್ವಲ್ಪ ತೂಗಾಡಿದರೆ ಏಳೋ ಎಂಟೋ ಸಿಗುತ್ತದೆ, ಅದರ ಮೇಲೆ ಸೈಟೂ ಓರೆಯಾದರೆ ಅದೂ ಇಲ್ಲ. ಇದು ತಲೆಗೆ ಹೋದ ಮೇಲೆ ಮರುದಿನ ಗುರಿಯ ಮೇಲೆ ನನ್ನ ಈಡುಗಳು ಹರಡುವ ಅಗಲ ಅರ್ಧಕ್ಕೆ ಕುಗ್ಗಿತು.

ಹಿಡಿಯ ವಿಷಯವನ್ನೂ ಹೇಳಬೇಕು. ಮರದ ಹಿಡಿಯನ್ನು ಅವಳ ಅಂಗೈಗೆ ತಕ್ಕಂತೆ ಉಜ್ಜಿ ಕೂರಿಸಿದ್ದಾರೆ. ಗುದ್ದಲಿ ಹಿಡಿದು ದಪ್ಪಗಾದ ನನ್ನ ಕೈ ಅದರೊಳಗೆ ಪೂರ್ತಿ ಕೂರಲೇ ಇಲ್ಲ. ಹೆಬ್ಬೆರಳ ಬುಡ ಕೆಂಪಾಯಿತು. ಹಾಗಾಗಿ ಎರವಲು ಪಿಸ್ತೂಲಿನಲ್ಲಿ ಎರಡು ದಿನ ಹೊಡೆದು ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ನಾನು ಒಪ್ಪುವುದಿಲ್ಲ. ಕೊಳ್ಳಬೇಕೆನ್ನುವವರು ಮೊದಲು ನಿಮ್ಮ ಅಂಗೈ ಅಳತೆಯ ಹಿಡಿ ಹುಡುಕಿ.

ಎರಡನೇ ದಿನದ ಕೊನೆಯ ಹತ್ತು ಈಡಿನಲ್ಲಿ ಎಂಟು ಕಪ್ಪಿನೊಳಗೆ ಬಿದ್ದವು, ಒಂದು ನೇರ ಹತ್ತಕ್ಕೆ. ಆ ಕಾಗದವನ್ನು ಅಡಿಕೆ ಲೆಕ್ಕದ ಪುಸ್ತಕದಲ್ಲಿ ಇಟ್ಟಿದ್ದೇನೆ. ದಸರಾ ರಜೆಗೆ ಅವಳು ಮತ್ತೆ ಬರುತ್ತಾಳೆ. ಅಲ್ಲಿಯವರೆಗೆ ದಿನಾ ಸಂಜೆ ಒಂದು ಲೀಟರ್ ನೀರಿನ ಬಾಟಲಿ ಹಿಡಿದು, ಕೈ ಚಾಚಿ ನಿಲ್ಲುತ್ತಿದ್ದೇನೆ.