ಬರಿಗೈಯಲ್ಲಿ ಬಂದ ಸೋದರಮಾವ

ಈ ವಾರ ಅಮ್ಮನ ಜೊತೆ ಕೂತು 1951ರ ‘ಸ್ಕ್ರೂಜ್’ ನೋಡಿದೆ. ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್ಮಸ್ ಕ್ಯಾರಲ್’ ಕಥೆಯೇ ಅದು: ಜಿಪುಣ ಮುದುಕ ಸ್ಕ್ರೂಜ್‌ನನ್ನು ಕ್ರಿಸ್ಮಸ್ ಹಿಂದಿನ ರಾತ್ರಿ ದೆವ್ವಗಳು ಬಂದು ಬದಲಾಯಿಸುತ್ತವೆ. ಕಪ್ಪು ಬಿಳುಪು ಚಿತ್ರ, ಇಂಗ್ಲಿಷ್ ಮಾತು. ಅಮ್ಮ ಅರ್ಧಕ್ಕೇ ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಹೋಗಲಿಲ್ಲ. ಮೂರು ದೆವ್ವಗಳು ಬಂದು ಹೋಗುವವರೆಗೂ ಅವರೆಕಾಯಿ ಸುಲಿಯುತ್ತಲೇ ಇದ್ದಳು. ಕೊನೆಗೆ ಸ್ಕ್ರೂಜ್ ಸೋದರಳಿಯ ಫ್ರೆಡ್‌ನ ಮನೆಗೆ ಹೋಗುತ್ತಾನಲ್ಲ, ಅಲ್ಲಿ ಕೈ ನಿಂತಿತು.

“ಬರಿಗೈಲಿ ಬಂದಿದ್ದಾನೆ ನೋಡು” ಅಂದಳು.

ನಾನು ಇಷ್ಟು ವರ್ಷ ಅದನ್ನು ಗಮನಿಸಿರಲೇ ಇಲ್ಲ. ಆಮೇಲೆ ಆ ದೃಶ್ಯವನ್ನೇ ಹಿಂದೆ ಓಡಿಸಿ ಓಡಿಸಿ ನೋಡಿದೆ. ಸ್ಕ್ರೂಜ್ ಪಾತ್ರದ ಆಲಸ್ಟೇರ್ ಸಿಮ್ ಟೋಪಿ, ಕೋಲು ಎರಡನ್ನೂ ಕೆಲಸದ ಹುಡುಗಿಗೆ ಕೊಡುತ್ತಾನೆ. ಒಳಗೆ ಹಾಡು ನಡೆದಿದೆ. ಬಾಗಿಲ ಹತ್ತಿರ ಹೋಗಿ ನಿಂತುಬಿಡುತ್ತಾನೆ. ತಿರುಗಿ ಹುಡುಗಿಯ ಮುಖ ನೋಡುತ್ತಾನೆ. ಅವಳು ಹೋಗಿ ಅನ್ನುವಂತೆ ತಲೆಯಾಡಿಸುತ್ತಾಳೆ. ದೆವ್ವಗಳು ರಾತ್ರಿಯಿಡೀ ಒದ್ದಾಡಿದ್ದಕ್ಕಿಂತ ಆ ಹುಡುಗಿಯ ಕೆಲಸವೇ ದೊಡ್ಡದು ಅನ್ನಿಸಿತು. ಇದು ಡಿಕನ್ಸ್ ಬರೆದದ್ದಲ್ಲ. 1843ರ ಪುಸ್ತಕದಲ್ಲಿ ಸ್ಕ್ರೂಜ್ ಒಳಗೆ ಹೋಗಲು ಧೈರ್ಯ ಸಾಲದೆ ಮನೆಯ ಮುಂದೆ ಹನ್ನೆರಡು ಸಲ ಓಡಾಡುತ್ತಾನೆ. ಆ ಓಡಾಟವನ್ನೆಲ್ಲ ಚಿತ್ರ ಒಂದು ನೋಟಕ್ಕೆ ಇಳಿಸಿದೆ.

ಅಮ್ಮನ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನನ್ನ ಸೋದರಮಾವ ಪ್ರತಿ ದೀಪಾವಳಿಗೆ ಕೊರಿಯರ್‌ನಲ್ಲಿ ಸ್ವೀಟ್ ಬಾಕ್ಸ್ ಕಳಿಸುತ್ತಾರೆ. ಗೋಡಂಬಿ ಬರ್ಫಿ, ದುಬಾರಿಯದೇ. ತಾವು ಬರುವುದಿಲ್ಲ. ಅಜ್ಜನ ಜಮೀನಿನ ಮಾತು ಬಂದಾಗಿನಿಂದ ಹೀಗೆ. ಅವರು ಜಿಪುಣರಲ್ಲ. ಜಿಪುಣರಾಗಿದ್ದರೆ ಬೈದಾದರೂ ಸುಮ್ಮನಾಗಬಹುದಿತ್ತು.

ಪುಸ್ತಕದಲ್ಲಿ ಇನ್ನೊಂದು ವಿಷಯ ಇದೆ. ಗುಮಾಸ್ತ ಬಾಬ್ ಕ್ರಾಚಿಟ್‌ನ ಮನೆಗೆ ಸ್ಕ್ರೂಜ್ ಟರ್ಕಿ ಕೋಳಿ ಕಳಿಸುವುದು ಗುಟ್ಟಾಗಿ. ಯಾರು ಕಳಿಸಿದ್ದು ಅಂತ ಬಾಬ್‌ಗೆ ತಿಳಿಯಬಾರದು. ತಾನು ಖುದ್ದಾಗಿ ಹೋಗುವುದು ಫ್ರೆಡ್ ಮನೆಗೆ, ತೀರಿಹೋದ ತಂಗಿ ಫ್ಯಾನ್‌ಳ ಮಗನ ಮನೆಗೆ. ಆದರೆ ಇದೇ ಕಥೆಯ ಎಷ್ಟೋ ಚಿತ್ರಗಳಿಗೆ ಈ ಗುಟ್ಟು ರುಚಿಸುವುದಿಲ್ಲ. 1938ರ ಚಿತ್ರದಲ್ಲಿ ಸ್ಕ್ರೂಜ್ ಆದ ರೆಜಿನಾಲ್ಡ್ ಓವನ್ ಉಡುಗೊರೆ ಹೊತ್ತು ಬಾಬ್ ಮನೆಗೇ ನುಗ್ಗುತ್ತಾನೆ. 1970ರ ಆಲ್ಬರ್ಟ್ ಫಿನ್ನಿ ಕ್ರಿಸ್ಮಸ್ ತಾತನ ವೇಷ ಹಾಕಿಕೊಂಡು ಹೋಗುತ್ತಾನೆ. 1992ರ ಮಪೆಟ್ ಗೊಂಬೆಗಳ ಚಿತ್ರದಲ್ಲಂತೂ ಮೈಕಲ್ ಕೇನ್ ಹಿಂದೆ ಇಡೀ ಬೀದಿಯೇ ಹೊರಡುತ್ತದೆ. (ಗೊಂಬೆಗಳ ನಡುವೆ ಒಂಚೂರೂ ನಗದೆ ನಟಿಸಿದ ಆ ಮನುಷ್ಯನಿಗೆ ನನ್ನ ನಮಸ್ಕಾರ.) ನೋಡಲು ಮಜಾ ಇದೆ, ಇಲ್ಲ ಅನ್ನಲ್ಲ. ಆದರೆ ದುಡ್ಡಿದ್ದವನಿಗೆ ಕೊಡುವುದೇನು ಕಷ್ಟ? ಬಾಬ್ ಸಂಬಳಕ್ಕೆ ದುಡಿಯುವವನು, ಧಣಿ ಬಂದರೆ ಬಾಗಿಲು ತೆಗೆಯಲೇಬೇಕು. ಫ್ರೆಡ್‌ಗೆ ಮಾವನ ಕಾಸು ಬೇಡ. ಅವನ ಮುಂದೆ ನಿಲ್ಲುವಾಗ ಮರೆಗೆ ಏನೂ ಇಲ್ಲ. ಸಿಮ್ ಒಳಗೆ ಹೋಗಿ ಮೊದಲು ಕ್ಷಮೆ ಕೇಳುವುದು ಫ್ರೆಡ್‌ನ ಹೆಂಡತಿಯನ್ನು. ಅದಕ್ಕೇ 1951ರದ್ದು ನನಗೆ ಎಲ್ಲಕ್ಕಿಂತ ಮೇಲು.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಮಾವ ಬರಲಿ ಬಿಡಲಿ, ಪ್ರತಿ ವರ್ಷ ಕರೆದೇ ಕರೆಯುತ್ತೇನೆ ಅಂತ ಫ್ರೆಡ್ ಪುಸ್ತಕದಲ್ಲಿ ಹೇಳುವುದನ್ನೂ ಹೇಳಿದೆ. ಅವಳು ಬುಟ್ಟಿಯಿಂದ ಇನ್ನೊಂದು ಹಿಡಿ ಅವರೆಕಾಯಿ ತೆಗೆದುಕೊಂಡಳು.

“ಅದಕ್ಕೆ ಅವನ ಹೆಂಡತಿ ಏನಂದಳು?”

“ಆ ಮುದುಕನನ್ನು ಕಂಡರೆ ನನಗೆ ಸಹನೆಯೇ ಇಲ್ಲ ಅಂದಳು.”

“ಹಾಂ, ಈಗ ಸರಿಯಾಯ್ತು” ಅಂದಳು ಅಮ್ಮ. ಅತ್ತೆಯ ಹೆಸರು ಮಾತ್ರ ಎತ್ತಲಿಲ್ಲ.