ಭಾನುವಾರದ ಸೂಜಿ

2025ರ ಜುಲೈ. ಒಂದು ಸಂಜೆ ಬ್ಯಾಂಕ್ ಮುಗಿಸಿಕೊಂಡು ನಾನೂ ನಮ್ಮ ಯಜಮಾನರೂ ಹೋಟೆಲಿಗೆ ಹೋಗಿದ್ದೆವು. ನನ್ನ ತಟ್ಟೆಯಲ್ಲಿ ಅರ್ಧ ಮಸಾಲೆ ದೋಸೆ ಉಳಿಯಿತು. "ಹುಷಾರಿಲ್ವಾ?" ಅಂದರು. "ಇಲ್ಲ, ಸಾಕು ಅನಿಸ್ತು" ಅಂದೆ. ಹೇಳಿದ ಮೇಲೆ ನನಗೇ ಕಣ್ಣು ತುಂಬಿ ಬಂತು.

ನನಗೆ 47 ವರ್ಷ. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ ಆಯಿತು. ಈ ಸೂಜಿ ಶುರು ಮಾಡುವ ಮುಂಚೆ 96 ಕೆಜಿ ಇದ್ದೆ, ಮೂರು ತಿಂಗಳ ಸರಾಸರಿ ಸಕ್ಕರೆ (HbA1c) 8.4. "ಸ್ವಲ್ಪ ಬಾಯಿ ಕಟ್ಟು ಕಣೇ" ಅಂತ ಅಮ್ಮ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದರು. ಕಟ್ಟಿದ್ದೆ. ಅನ್ನ ಬಿಟ್ಟೆ, ರಾತ್ರಿ ಊಟ ಬಿಟ್ಟೆ. ಹತ್ತು ಕೆಜಿ ಇಳಿದರೆ ಹನ್ನೆರಡು ಏರುತ್ತಿತ್ತು. ಊಟ ಮುಗಿಸಿ ಕೈ ತೊಳೆಯುವಾಗಲೇ ಮುಂದಿನ ಊಟದ ಯೋಚನೆ ಶುರುವಾಗುತ್ತಿತ್ತು. ಎಲ್ಲರಿಗೂ ಹಾಗೇ ಇರುತ್ತೆ, ಅವರು ತಡೆದುಕೊಳ್ತಾರೆ, ನನಗೆ ಆಗಲ್ಲ ಅಂದುಕೊಂಡಿದ್ದೆ.

ಸಕ್ಕರೆ ಕಾಯಿಲೆಗೂ ತೂಕ ಇಳಿಸುವುದಕ್ಕೂ ಕೊಡುವ ಮೌಂಜಾರೋ ಅನ್ನುವ ಸೂಜಿ ಔಷಧಿ ನಮ್ಮ ದೇಶಕ್ಕೆ ಬಂದಿದ್ದು ಆ ವರ್ಷ ಮಾರ್ಚ್‌ನಲ್ಲಿ. ಡಾಕ್ಟರ್ ಮೊದಲು ಕೇಳಿದ್ದು, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ, ನನಗೆ ಮೇದೋಜೀರಕ ಗ್ರಂಥಿಯ ಊತ ಆಗಿತ್ತಾ ಅಂತ. ಆಮೇಲೆ ಅರ್ಥವಾಗುವ ಹಾಗೆ ಹೇಳಿದರು. ತಿಂದಾಗ ನಮ್ಮ ಕರುಳಿನಿಂದ ಕೆಲವು ಹಾರ್ಮೋನು ಬರುತ್ತವೆ, ಮಿದುಳಿಗೆ 'ಸಾಕು' ಅಂತ ಹೇಳುತ್ತವೆ. ಅವು ಕೆಲವೇ ನಿಮಿಷಗಳಲ್ಲಿ ಕರಗಿ ಹೋಗುತ್ತವೆ. ಅಂಥ ಎರಡು ಹಾರ್ಮೋನುಗಳ ಕೆಲಸವನ್ನು ಈ ಔಷಧಿ ಮಾಡುತ್ತೆ, ಮೈಯಲ್ಲಿ ಎಷ್ಟೋ ದಿನ ಉಳಿಯುತ್ತೆ. ಅದಕ್ಕೇ ವಾರಕ್ಕೊಂದೇ ಸೂಜಿ.

ಮೊದಲ ನಾಲ್ಕು ವಾರ 2.5 ಮಿಲಿಗ್ರಾಂ, ಆಮೇಲೆ 5. ವಾರಕ್ಕೊಂದು ಬಾಟಲಿ, ಒಂದಕ್ಕೆ ಆಗ 3,500 ರೂಪಾಯಿ, 5ರದ್ದಕ್ಕೆ 4,375. ತಿಂಗಳಿಗೆ 17,500! ಚೀಟಿ ದುಡ್ಡು ಎತ್ತಿ ಕಟ್ಟಿದೆ. ಇದು ಎಲ್ಲರ ಕೈಗೆ ಎಟುಕುವ ಮಾತಲ್ಲ ಅನ್ನುವುದು ನನ್ನನ್ನು ಈಗಲೂ ಕಾಡುತ್ತೆ. ಪ್ರತಿ ಭಾನುವಾರ ರಾತ್ರಿ ಫ್ರಿಜ್ಜಿನಿಂದ ಬಾಟಲಿ ತೆಗೆದು, ಸಿರಿಂಜಿಗೆ ಎಳೆದು, ಹೊಕ್ಕುಳಿಂದ ಎರಡು ಇಂಚು ಆಚೆ ಚುಚ್ಚಿಕೊಳ್ಳುತ್ತೇನೆ. ಇರುವೆ ಕಚ್ಚಿದಷ್ಟೇ.

ಕಷ್ಟ ಇರಲಿಲ್ಲ ಅಂತಲ್ಲ. ಮಲಬದ್ಧತೆ, ಹೊಟ್ಟೆ ತೊಳಸು. ಗೃಹಪ್ರವೇಶವೊಂದರಲ್ಲಿ ಬೋಂಡಾ ತಿಂದು ರಾತ್ರಿಯೆಲ್ಲ ವಾಂತಿ. ಆದರೆ ನನ್ನ ದೊಡ್ಡ ತಪ್ಪು ಬೇರೆಯೇ. ಹಸಿವೇ ಇಲ್ಲವಲ್ಲ ಅಂತ ನಾನು ತಿನ್ನುವುದನ್ನೇ ಬಿಟ್ಟೆ. ಮಧ್ಯಾಹ್ನ ನಾಲ್ಕು ತುತ್ತು ಮೊಸರನ್ನ, ರಾತ್ರಿ ಮಜ್ಜಿಗೆ. ತೂಕ ಸರಸರ ಇಳಿಯಿತು, ಖುಷಿಪಟ್ಟೆ. ಸೆಪ್ಟೆಂಬರ್ ಹೊತ್ತಿಗೆ ಬಾಚಣಿಗೆ ತುಂಬ ಕೂದಲು. ನೆಲದಲ್ಲಿ ಕೂತರೆ ಕೈ ಊರದೆ ಏಳಲು ಆಗುತ್ತಿರಲಿಲ್ಲ.

"ನೀವು ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕಳ್ಕೊಂಡಿದ್ದೀರಿ" ಅಂದರು ಡಾಕ್ಟರ್. ಹಸಿವಿರಲಿ ಬಿಡಲಿ, ಗಡಿಯಾರ ನೋಡಿ ತಿನ್ನಬೇಕು. ತಟ್ಟೆಯಲ್ಲಿ ಮೊದಲು ಮೊಟ್ಟೆ, ಕಾಳು, ಪನೀರ್, ಮುದ್ದೆ ಆಮೇಲೆ. ವಾರಕ್ಕೆ ಮೂರು ದಿನ ಭಾರ ಎತ್ತಬೇಕು. ಇದನ್ನು ಶುರು ಮಾಡುವವರು ಯಾರೇ ಇರಲಿ, ಈ ಒಂದು ಮಾತನ್ನು ಮೊದಲ ದಿನವೇ ಕೇಳಿಕೊಳ್ಳಿ. ಮತ್ತೆ, ಯಾರೋ ಹೇಳಿದರು ಅಂತ ಸುಮ್ನೆ ಮೆಡಿಕಲ್ ಶಾಪಿನಿಂದ ತಂದು ಚುಚ್ಚಿಕೊಳ್ಳಬೇಡಿ, ದಯವಿಟ್ಟು.

ಈಗ 84 ಕೆಜಿ. ಸರಾಸರಿ ಸಕ್ಕರೆ 6.3. ಎಷ್ಟು ದಿನ ತಗೋಬೇಕು ಅಂತ ಕೇಳಿದ್ದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಡಾಕ್ಟರ್ ಹೇಳಿದರು. 36 ವಾರ ತಗೊಂಡು ನಿಲ್ಲಿಸಿದವರ ತೂಕ ಮುಂದಿನ ಒಂದು ವರ್ಷದಲ್ಲಿ ಸರಾಸರಿ 14 ಶೇಕಡಾ ಮತ್ತೆ ಏರಿತಂತೆ. ಬಿಪಿ ಮಾತ್ರೆ ಹಾಗೇ ಇದು ಅಂದುಕೊಳ್ಳಿ ಅಂದರು. ಕೇಳಿ ಭಯವಾಯಿತು, ಜೊತೆಗೆ ಸಮಾಧಾನವೂ ಆಯಿತು. ಇದು ಕಾಯಿಲೆ ಅಂದರೆ, ಅಷ್ಟು ವರ್ಷ ನಾನು ಸೋತಿದ್ದು ನನ್ನ ಸೋಮಾರಿತನದಿಂದ ಅಲ್ಲ, ಅಲ್ವಾ?

ಇದನ್ನೇ ಅಮ್ಮನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಮಾರನೇ ವಾರ ಡಬ್ಬಿ ತುಂಬ ಹೆಸರುಕಾಳಿನ ಉಸಲಿ ಮಾಡಿ ತಂದರು. "ಹಸಿವಿಲ್ಲ ಅನ್ನಬೇಡ, ತಿನ್ನು" ಅಂತ ನನ್ನ ಎದುರಿಗೇ ಕೂತರು.